ಐಟಿಐನಿಂದ ಪ್ಲ್ಯಾಂಟಿನ ಪ್ಯಾನೆಲ್‌ವರೆಗೆ: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಅಪ್ರೆಂಟಿಸ್‌ಶಿಪ್ ಮಾಡಿ ಇಂಡಸ್ಟ್ರಿಯಲ್ ಎಲೆಕ್ಟ್ರಿಷಿಯನ್ ಆಗುವುದು ಹೇಗೆ

ಮನೆ ವೈರಿಂಗ್ ಚೆನ್ನಾಗಿ ಬರುವ ಹುಡುಗನನ್ನು ಸ್ಟೀಲ್ ಪ್ಲ್ಯಾಂಟಿನ ಮೋಟಾರ್ ಕಂಟ್ರೋಲ್ ಸೆಂಟರ್ (ಮೋಟಾರುಗಳ ಸ್ವಿಚ್‌ಗಳೆಲ್ಲ ಒಂದೆಡೆ ಇರುವ ಪ್ಯಾನೆಲ್ ಸಾಲು) ಮುಂದೆ ನಿಲ್ಲಿಸಿದರೆ ಮೊದಲ ದಿನ ಕೈ ಕಟ್ಟಿದಂತಾಗುತ್ತದೆ. ಅಲ್ಲಿರುವುದು 415 ವೋಲ್ಟ್ ತ್ರೀ ಫೇಸ್, ಸಾಲು ಸಾಲು ಫೀಡರ್‌ಗಳು (ಒಂದೊಂದು ಮೋಟಾರಿಗೆ ಕರೆಂಟ್ ಕೊಡುವ ಖಾನೆಗಳು), ಕಂಟ್ಯಾಕ್ಟರ್ (ಕಾಯಿಲಿನಿಂದ ನಡೆಯುವ ಸ್ವಿಚ್), ರಿಲೇ, ಟೈಮರ್, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್). ಒಂದು ಮೋಟಾರ್ ನಿಂತರೆ ಅದರ ಹಿಂದಿನ ಕನ್ವೇಯರ್ ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು. ಈ ಕೆಲಸ ಪುಸ್ತಕದಿಂದ ಅರ್ಧ ಬರುತ್ತದೆ, ಉಳಿದರ್ಧ ಪ್ಲ್ಯಾಂಟಿನಲ್ಲೇ ಬರಬೇಕು. ಆ ಉಳಿದರ್ಧಕ್ಕೆ ಇರುವ ಕಾನೂನುಬದ್ಧ ದಾರಿಯೇ ಅಪ್ರೆಂಟಿಸ್‌ಶಿಪ್. ಆ ವರ್ಷದಲ್ಲಿ ಎರಡು ವಿದ್ಯೆ ಗಟ್ಟಿಯಾಗಬೇಕು: ಡ್ರಾಯಿಂಗ್ ಓದುವುದು, ಮತ್ತು ಕರೆಂಟ್ ತೆಗೆದಿದೆ ಎಂದು ಸ್ವತಃ ಖಾತ್ರಿ ಮಾಡಿಕೊಳ್ಳುವುದು. ಇವೆರಡು ಬಂದವನಿಗೆ ಬೇರೆಯದನ್ನೆಲ್ಲ ಯಾವ ಪ್ಲ್ಯಾಂಟಿನಲ್ಲಾದರೂ ಕಲಿಯಬಹುದು.

ಎಲ್ಲಿ ಏನು ಕಲಿಯಲು ಸಿಗುತ್ತದೆ

ನಮ್ಮ ಮೂರು ಜಿಲ್ಲೆಗಳಲ್ಲಿ ಮೋಟಾರಿಗೆ ಬರವಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯೂ ಸ್ಟೀಲ್, ದೋಣಿಮಲೆಯಲ್ಲಿ ಎನ್‌ಎಂಡಿಸಿ ಗಣಿ, ಕುಡುತಿನಿಯಲ್ಲಿ ಬಳ್ಳಾರಿ ಥರ್ಮಲ್ ವಿದ್ಯುತ್ ಕೇಂದ್ರ (ಬಿಟಿಪಿಎಸ್). ರಾಯಚೂರಿನ ಶಕ್ತಿನಗರದಲ್ಲಿ ರಾಯಚೂರು ಥರ್ಮಲ್ (ಆರ್‌ಟಿಪಿಎಸ್), ಯರಮರಸಿನಲ್ಲಿ ತಲಾ 800 ಮೆಗಾವ್ಯಾಟಿನ ಎರಡು ಥರ್ಮಲ್ ಘಟಕ, ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ. ಕೊಪ್ಪಳದ ಗಿಣಿಗೇರಾದಲ್ಲಿ ಹೊಸಪೇಟೆ ಸ್ಟೀಲ್ಸ್, ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್. ಇವಲ್ಲದೆ ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳು, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳು, ಸ್ಪಾಂಜ್ ಐರನ್ ಘಟಕಗಳು.

ಆರಿಸುವಾಗ ಕಂಪನಿಯ ಹೆಸರೊಂದನ್ನೇ ನೋಡಬೇಡಿ. ಥರ್ಮಲ್ ಸ್ಟೇಷನ್ನಿನಲ್ಲಿ ಎಚ್‌ಟಿ (ಹೈ ಟೆನ್ಷನ್) ಬ್ರೇಕರ್, ಟ್ರಾನ್ಸ್‌ಫಾರ್ಮರ್, 6.6 ಕೆವಿ ಮೋಟಾರ್, ಬ್ಯಾಟರಿ ಬ್ಯಾಂಕ್, ಪ್ರೊಟೆಕ್ಷನ್ ರಿಲೇ ನೋಡಲು ಸಿಗುತ್ತವೆ, ಶಿಸ್ತಿನ ಪರ್ಮಿಟ್ ಪದ್ಧತಿ (ಕೆಲಸಕ್ಕೆ ಮೊದಲು ಬರಹದಲ್ಲಿ ಅನುಮತಿ ಪಡೆಯುವುದು) ಬರುತ್ತದೆ. ಆದರೆ ಎಚ್‌ಟಿಯಲ್ಲಿ ಅಪ್ರೆಂಟಿಸ್ ಕೈ ಹಾಕುವಂತಿಲ್ಲ, ನೋಡಿ ಬರೆದುಕೊಳ್ಳುವುದೇ ಹೆಚ್ಚು. ಸ್ಟೀಲ್ ಪ್ಲ್ಯಾಂಟಿನಲ್ಲಿ ಕ್ರೇನ್, ಕನ್ವೇಯರ್, ವಿಎಫ್‌ಡಿ, ಪಿಎಲ್‌ಸಿ (ಯಂತ್ರ ನಡೆಸುವ ಕಂಪ್ಯೂಟರ್ ಕಂಟ್ರೋಲರ್) ಇವುಗಳ ಜೊತೆ ಬ್ರೇಕ್‌ಡೌನ್ ಒತ್ತಡವೂ ಇರುತ್ತದೆ. ರೈಸ್ ಮಿಲ್ಲಿನಲ್ಲಿ ಪರ್ಮಿಟ್ ಪದ್ಧತಿ ಸಡಿಲ, ಆದರೆ ಸ್ಟಾರ್ಟರ್ (ಮೋಟಾರ್ ಚಾಲೂ ಮಾಡುವ ಸಾಧನ) ಬಿಚ್ಚಿ ಕಟ್ಟುವ ಕೆಲಸ ಧಾರಾಳ. ಮೊದಲ ವರ್ಷಕ್ಕೆ ದೊಡ್ಡ ಪ್ಲ್ಯಾಂಟೇ ಒಳ್ಳೆಯದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಸ್ಟಾರ್ಟರ್ ಕಟ್ಟುವ ಕೈಚಳಕವನ್ನು ಆಮೇಲೂ ಸಂಪಾದಿಸಬಹುದು. ಸುರಕ್ಷತೆಯ ರೂಢಿ ಮೊದಲ ವರ್ಷ ಬಾರದಿದ್ದರೆ ಮುಂದೆ ಬರುವುದು ಕಷ್ಟ.

ಮೊದಲು ಐಟಿಐ

ಎಸ್ಸೆಸ್ಸೆಲ್ಸಿ ಆದ ಮೇಲೆ ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷ. ಗಣಿತ, ವಿಜ್ಞಾನ ಓದಿರಬೇಕು. ವೈರ್‌ಮನ್ ಟ್ರೇಡ್ ಕೂಡ ಇದೆ, ಆದರೆ ಅದರ ಒಲವು ವೈರಿಂಗ್ ಮತ್ತು ಲೈನ್ ಕೆಲಸದ ಕಡೆ. ಪ್ಲ್ಯಾಂಟಿಗೆ ಹೋಗಬೇಕೆಂದಿರುವವರು ಎಲೆಕ್ಟ್ರಿಷಿಯನ್ ಟ್ರೇಡನ್ನೇ ಹಿಡಿಯಬೇಕು. ಸರ್ಟಿಫಿಕೇಟ್ ಎನ್‌ಸಿವಿಟಿಯದೋ (ರಾಷ್ಟ್ರ ಮಂಡಳಿ) ಎಸ್‌ಸಿವಿಟಿಯದೋ (ರಾಜ್ಯ ಮಂಡಳಿ) ಎಂದು ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ. ಕೇಂದ್ರದ ಸಂಸ್ಥೆಗಳ ಎಷ್ಟೋ ಅಧಿಸೂಚನೆಗಳು ಎನ್‌ಸಿವಿಟಿ ಎಂದೇ ಕೇಳುತ್ತವೆ. ಅಂಕಗಳನ್ನೂ ಹಗುರವಾಗಿ ಎಣಿಸಬೇಡಿ: ರೈಲ್ವೆಯಂಥ ಕಡೆ ಅಪ್ರೆಂಟಿಸ್ ಆಯ್ಕೆಗೆ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯೇ ಮೆರಿಟ್ ಪಟ್ಟಿ.

ಐಟಿಐಯಲ್ಲಿ ಇರುವಾಗಲೇ ಡಿಒಎಲ್ (ಮೋಟಾರಿಗೆ ನೇರ ಪೂರ್ತಿ ವೋಲ್ಟೇಜ್ ಕೊಡುವ) ಮತ್ತು ಸ್ಟಾರ್-ಡೆಲ್ಟಾ (ಮೊದಲು ಕಡಿಮೆ, ಆಮೇಲೆ ಪೂರ್ತಿ ವೋಲ್ಟೇಜ್ ಕೊಡುವ) ಸ್ಟಾರ್ಟರಿನ ಕಂಟ್ರೋಲ್ ಸರ್ಕ್ಯೂಟನ್ನು ಪುಸ್ತಕ ನೋಡದೆ ಬಿಡಿಸುವಷ್ಟು ಮಾಡಿಕೊಳ್ಳಿ. ಸಂದರ್ಶನದಲ್ಲಿ ಬಿಳಿ ಹಾಳೆ ಕೊಟ್ಟು ಇದನ್ನೇ ಬಿಡಿಸಲು ಹೇಳುವವರು ಬಹಳ.

ಕಾಗದ ಪತ್ರ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಅಂಕಪಟ್ಟಿ ಮತ್ತು ಸರ್ಟಿಫಿಕೇಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ-ಆದಾಯ ಪ್ರಮಾಣಪತ್ರ, ಫೋಟೊ. ಇವು ಎಲ್ಲರ ಬಳಿ ಇರುತ್ತವೆ. ಎಡವುವುದು ಬೇರೆ ಕಡೆ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಮುಂದೆ ಇದ್ದರೆ ಇ-ಕೆವೈಸಿ ಅಲ್ಲೇ ನಿಲ್ಲುತ್ತದೆ. ಆಧಾರಿಗೆ ಮೊಬೈಲ್ ನಂಬರ್ ಜೋಡಣೆ ಆಗಿರದಿದ್ದರೆ ಒಟಿಪಿ ಬರುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರದಿದ್ದರೆ ಸರ್ಕಾರದ ಪಾಲಿನ ಸ್ಟೈಪೆಂಡ್ ಖಾತೆಗೆ ಬೀಳುವುದಿಲ್ಲ. ಈ ಮೂರನ್ನೂ ಅರ್ಜಿ ಹಾಕುವ ತಿಂಗಳ ಮೊದಲೇ ಸರಿಮಾಡಿಕೊಳ್ಳಿ.

ಇನ್ನೊಂದು, ಬಣ್ಣದ ದೃಷ್ಟಿ. ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್ ಬೇರೆ ಬೇರೆಯಾಗಿ ಕಾಣಲೇಬೇಕಾದ ಕೆಲಸ ಇದು. ಮೆಡಿಕಲ್‌ನಲ್ಲಿ ಇದನ್ನು ನೋಡುತ್ತಾರೆ. ಐಟಿಐ ಸೇರುವ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಂಡರೆ ಎರಡು ವರ್ಷ ವ್ಯರ್ಥವಾಗುವುದು ತಪ್ಪುತ್ತದೆ.

ಅರ್ಜಿ ಮತ್ತು ಕಾಂಟ್ರ್ಯಾಕ್ಟ್

ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್ಲಿನಲ್ಲಿ ಅಭ್ಯರ್ಥಿಯಾಗಿ ನೋಂದಣಿ ಮಾಡಿ, ಇ-ಕೆವೈಸಿ ಮುಗಿಸಿ, ಐಟಿಐ ವಿವರ ತುಂಬಿ. ಆಮೇಲೆ ಜಿಲ್ಲೆ ಮತ್ತು ಟ್ರೇಡ್ ಹಾಕಿ ಅವಕಾಶ ಹುಡುಕಬೇಕು. ಟ್ರೇಡಿನ ಜಾಗದಲ್ಲಿ ಎಲೆಕ್ಟ್ರಿಷಿಯನ್ ಎಂದೇ ಇದೆಯೇ ನೋಡಿ. ಅದು ಡೆಸಿಗ್ನೇಟೆಡ್ ಟ್ರೇಡ್ (ಸರ್ಕಾರ ಅಧಿಸೂಚಿಸಿದ್ದು), ಐಟಿಐ ಆದವರಿಗೆ ತರಬೇತಿ 1 ವರ್ಷ. ಕೆಲವು ಕಡೆ ಆಪ್ಷನಲ್ ಟ್ರೇಡ್ (ಕಂಪನಿಯೇ ರೂಪಿಸಿದ್ದು) ಎಂದು ಬೇರೆ ಹೆಸರಿನಲ್ಲಿ ಕರೆಯುತ್ತಾರೆ. ಅದು ಅಕ್ರಮವಲ್ಲ, ಆದರೆ ಮುಂದೆ ಎಲೆಕ್ಟ್ರಿಷಿಯನ್ ಎನ್‌ಎಸಿ (ತರಬೇತಿ ಮುಗಿಸಿದ ರಾಷ್ಟ್ರೀಯ ಸರ್ಟಿಫಿಕೇಟ್) ಕೇಳುವ ಹುದ್ದೆಗೆ ಆ ಸರ್ಟಿಫಿಕೇಟ್ ನಡೆಯುವುದಿಲ್ಲ.

ಕಂಪನಿ ಆಯ್ಕೆ ಮಾಡಿದ ಮೇಲೆ ಪೋರ್ಟಲ್ಲಿನಲ್ಲಿ ಕಾಂಟ್ರ್ಯಾಕ್ಟ್ ತಯಾರಾಗುತ್ತದೆ. ಟ್ರೇಡ್, ಅವಧಿ, ಸ್ಟೈಪೆಂಡ್ ಓದಿ ಒಪ್ಪಿಗೆ ಕೊಡಿ. ನೋಂದಣಿ ನಂಬರ್ ಬಂದ ಮೇಲೆ ಅದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಆ ನಂಬರ್ ಇಲ್ಲದ ಕೆಲಸ ಅಪ್ರೆಂಟಿಸ್‌ಶಿಪ್ ಅಲ್ಲ. ಗೇಟಿನ ಹೊರಗೆ ಗುತ್ತಿಗೆದಾರರು "ಟ್ರೈನಿ" ಎಂದು ಸೇರಿಸಿಕೊಂಡು ವರ್ಷಗಟ್ಟಲೆ ಕೇಬಲ್ ಎಳೆಸುವುದುಂಟು. ಕೊನೆಗೆ ಕೈಗೆ ಬರುವುದು ಲೆಟರ್‌ಹೆಡ್ಡಿನ ಒಂದು ಹಾಳೆ. ಪೋರ್ಟಲ್ಲಿನಲ್ಲಿ ನೋಂದಣಿಗೆ ಶುಲ್ಕ ಇಲ್ಲ, ಸೀಟು ಕೊಡಿಸುತ್ತೇನೆಂದು ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಪ್ರೆಂಟಿಸ್ ಕಾಯ್ದೆ 1961ರದು. ಅದರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಅದೂ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು. ಹೀಗಾಗಿ ಪೋರ್ಟಲ್ಲಿನಲ್ಲಿ ಜಾಹೀರಾತು ಕಾಣದ ಮಧ್ಯಮ ಗಾತ್ರದ ಕಾರ್ಖಾನೆಗೂ ಹೋಗಿ ಎಚ್‌ಆರ್ ಕಚೇರಿಯಲ್ಲಿ ವಿಚಾರಿಸಬಹುದು. 2019ರ ತಿದ್ದುಪಡಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಸ್ಟೈಪೆಂಡ್ ನಿಗದಿ ಮಾಡಿತು, ಹೆಚ್ಚು ಕೊಡುವ ಕಂಪನಿಗಳೂ ಇವೆ. ಎನ್‌ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ) ಯೋಜನೆಯಡಿ ಸ್ಟೈಪೆಂಡಿನ ಶೇ 25ರಷ್ಟು, ಹೆಚ್ಚೆಂದರೆ 1500 ರೂಪಾಯಿ, ಸರ್ಕಾರದಿಂದ ನೇರ ನಿಮ್ಮ ಖಾತೆಗೆ ಬರುತ್ತದೆ. ಆದ್ದರಿಂದ ಕಂಪನಿ ಹಾಕಿದ್ದು ಕಡಿಮೆ ಕಂಡರೆ ಗಾಬರಿಯಾಗದೆ ಎರಡನ್ನೂ ಕೂಡಿಸಿ ನೋಡಿ. ಪಿಎಫ್, ಇಎಸ್‌ಐ ಅಪ್ರೆಂಟಿಸ್‌ಗೆ ಅನ್ವಯಿಸುವುದಿಲ್ಲ. ಆದರೆ ತರಬೇತಿಯಲ್ಲಿ ಗಾಯವಾದರೆ ಪರಿಹಾರದ ಹಕ್ಕು ಕಾಯ್ದೆಯಲ್ಲೇ ಇದೆ, ಅದಕ್ಕೂ ನೋಂದಾಯಿತ ಕಾಂಟ್ರ್ಯಾಕ್ಟೇ ಆಧಾರ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾತ್ರ ಕಂಪನಿಗಿಲ್ಲ.

ಮೊದಲ ತಿಂಗಳು: ಲೈನ್ ಕ್ಲಿಯರ್

ಕೆಲಸಕ್ಕೆ ಮೊದಲು ಲೈನಿನ ಕರೆಂಟ್ ತೆಗೆಸಿ ಅನುಮತಿ ಪಡೆಯುವುದೇ ಲೈನ್ ಕ್ಲಿಯರ್, ನಮ್ಮ ಕಡೆ ಎಲ್‌ಸಿ ಅನ್ನುವುದು ಇದನ್ನೇ. ಸೀನಿಯರ್ ಎಷ್ಟೇ ಅವಸರ ಮಾಡಲಿ, "ಅಣ್ಣಾ, ಎಲ್‌ಸಿ ತಗೊಂಡೀರೇನ್ರಿ?" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಸೀನಿಯರ್ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಒಂದು 415 ವೋಲ್ಟ್ ಮೋಟಾರ್ ಫೀಡರಿನ ಮೇಲೆ ಕೆಲಸ ಮಾಡುವ ಕ್ರಮ ಹೀಗೆ:

1. ಪರ್ಮಿಟ್ ಬರೆಸಿ. ಅದರಲ್ಲಿ ಮೋಟಾರಿನ ಟ್ಯಾಗ್ ನಂಬರ್ ಇರಬೇಕು, "ಎರಡನೇ ಪಂಪ್" ಎಂಬ ಬಾಯಿಮಾತು ಸಾಲದು. ಪಕ್ಕದ ಫೀಡರನ್ನು ಆಫ್ ಮಾಡಿ ಅಪಘಾತವಾಗುವುದುಂಟು.
2. ಆಪರೇಟರ್ ಮೋಟಾರ್ ನಿಲ್ಲಿಸಿದ ಮೇಲೆ ಫೀಡರ್ ಆಫ್ ಮಾಡಿ, ಡ್ರಾಔಟ್ (ಹೊರಗೆಳೆಯುವ ಬಗೆ) ಆಗಿದ್ದರೆ ಹೊರಗೆಳೆಯಿರಿ, ಫ್ಯೂಸ್ ಇದ್ದರೆ ತೆಗೆಯಿರಿ.
3. ನಿಮ್ಮದೇ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ನಾಲ್ವರು ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ.
4. ಕಂಟ್ರೋಲ್ ಸಪ್ಲೈ ಬೇರೆ ಕಡೆಯಿಂದ ಬರುತ್ತಿದೆಯೇ ಎಂದು ಡ್ರಾಯಿಂಗ್‌ನಲ್ಲಿ ನೋಡಿ. ಪವರ್ ಆಫ್ ಆದರೂ ಇಂಟರ್‌ಲಾಕ್ (ಬೇರೆ ಯಂತ್ರದ ಸರ್ಕ್ಯೂಟಿಗೆ ಸೇರಿದ) ವೈರಿನಲ್ಲಿ 230 ವೋಲ್ಟ್ ಉಳಿದಿರುವುದು ಸಾಮಾನ್ಯ.
5. ಮೀಟರನ್ನು ಮೊದಲು ಲೈವ್ ಇರುವ ಕಡೆ ಹಿಡಿದು ಅದು ತೋರಿಸುತ್ತಿದೆ ಎಂದು ನೋಡಿ. ಆಮೇಲೆ ಕೆಲಸದ ಜಾಗದಲ್ಲಿ ಮೂರೂ ಫೇಸ್ ನಡುವೆ, ಪ್ರತಿ ಫೇಸ್‌ನಿಂದ ಅರ್ಥಿಗೆ ಅಳೆಯಿರಿ. ಮತ್ತೆ ಲೈವ್ ಕಡೆ ಹಿಡಿದು ಮೀಟರ್ ಕೆಟ್ಟಿಲ್ಲವೆಂದು ಖಾತ್ರಿ ಮಾಡಿ. ಸ್ಕ್ರೂಡ್ರೈವರ್ ಟೆಸ್ಟರನ್ನು ನಂಬಿ ಪ್ಯಾನೆಲ್‌ಗೆ ಕೈ ಹಾಕಬಾರದು.
6. ವಿಎಫ್‌ಡಿ ಅಥವಾ ಕೆಪಾಸಿಟರ್ ಬ್ಯಾಂಕ್ ಇದ್ದರೆ ಅದರ ಮೇಲೆ ಬರೆದಷ್ಟು ನಿಮಿಷ ಕಾಯಿರಿ. 415 ವೋಲ್ಟ್ ವಿಎಫ್‌ಡಿಯೊಳಗಿನ ಡಿಸಿ ಬಸ್ಸಿನಲ್ಲಿ (ಡಿಸಿ ಹರಿಯುವ ಪಟ್ಟಿಯಲ್ಲಿ) ಸುಮಾರು 585 ವೋಲ್ಟ್ ಇರುತ್ತದೆ, ಆಫ್ ಮಾಡಿದ ಕೂಡಲೇ ಅದು ಇಳಿಯುವುದಿಲ್ಲ.

ಕೆಲಸ ಮುಗಿದ ಮೇಲೆ ಜನ ಎಣಿಸಿ, ಸ್ಪ್ಯಾನರ್ ಎಣಿಸಿ, ಆಮೇಲೆ ಬೀಗ ತೆಗೆಯಿರಿ. ನಿಮ್ಮ ಬೀಗ ನೀವೇ ತೆಗೆಯಬೇಕು.

ಬೆಳ್ಳಿ ಕಡಗ, ಉಂಗುರ, ಕೊರಳ ಸರ ಮನೆಯಲ್ಲೇ ಬಿಟ್ಟು ಬನ್ನಿ. ಪಾಲಿಯೆಸ್ಟರ್ ಅಂಗಿ ಬೇಡ: ಫ್ಲ್ಯಾಶ್ ಆದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿ ಬಟ್ಟೆ ಹಾಗೆ ಅಂಟುವುದಿಲ್ಲ.

ವರ್ಷದ ತಿರುಳು: ಒಂದು ಸ್ಟಾರ್ಟರನ್ನು ಪೂರ್ತಿ ಅರ್ಥ ಮಾಡಿಕೊಳ್ಳುವುದು

10 ಎಚ್‌ಪಿ ಮೋಟಾರ್ ತೆಗೆದುಕೊಳ್ಳೋಣ. ಅಂದರೆ 7.5 ಕಿಲೋವ್ಯಾಟ್, 415 ವೋಲ್ಟಿನಲ್ಲಿ ಫುಲ್ ಲೋಡ್ ಕರೆಂಟ್ ಸುಮಾರು 14 ಆಂಪಿಯರ್. ಎಚ್‌ಪಿಯನ್ನು 1.4ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ, ಆದರೆ ಸೆಟ್ಟಿಂಗ್ ಮಾಡುವಾಗ ನೇಮ್‌ಪ್ಲೇಟ್ ಹೇಳಿದ್ದೇ ಅಂತಿಮ.

ಡಿಒಎಲ್‌ನಲ್ಲಿ ಇದನ್ನು ಹೊಡೆದರೆ ಆರು ಪಟ್ಟು, ಅಂದರೆ 85 ಆಂಪಿಯರ್‌ವರೆಗೆ ಎಳೆಯುತ್ತದೆ. ಸ್ಟಾರ್‌ನಲ್ಲಿ ಅದರ ಮೂರನೇ ಒಂದು ಭಾಗ, 28 ಆಂಪಿಯರ್. ಲಾಭವೇನೋ ಸರಿ, ಆದರೆ ಟಾರ್ಕ್ (ತಿರುಗಿಸುವ ಬಲ) ಕೂಡ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಭತ್ತ ತುಂಬಿ ನಿಂತ ಎಲಿವೇಟರ್, ಅದಿರು ತುಂಬಿದ ಕನ್ವೇಯರ್ ಸ್ಟಾರ್‌ನಲ್ಲಿ ಏಳದೇ ಇರುವುದಕ್ಕೆ ಇದೇ ಕಾರಣ. ಟೈಮರ್ ಹೆಚ್ಚಿಸಿ ಪ್ರಯೋಜನವಿಲ್ಲ, ಲೋಡ್ ಇಳಿಸಬೇಕು. ಖಾಲಿ ಲೋಡಿನಲ್ಲಿ ಮೋಟಾರ್ ಬಹುತೇಕ ಪೂರ್ತಿ ವೇಗಕ್ಕೆ ಬಂದ ಮೇಲೆ ಟೈಮರ್ ಡೆಲ್ಟಾಕ್ಕೆ ಹಾಯಿಸಬೇಕು. ಬೇಗ ಹಾಯಿಸಿದರೆ ಆ ಕ್ಷಣದ ಕರೆಂಟ್ ಡಿಒಎಲ್‌ನಷ್ಟೇ ಜಿಗಿಯುತ್ತದೆ, ಸ್ಟಾರ್-ಡೆಲ್ಟಾ ಹಾಕಿದ್ದೇ ವ್ಯರ್ಥ.

ಟರ್ಮಿನಲ್ ಬಾಕ್ಸಿನಲ್ಲಿ ಆರು ತುದಿ: ಮೇಲೆ ಯು1, ವಿ1, ಡಬ್ಲ್ಯೂ1, ಕೆಳಗೆ ಡಬ್ಲ್ಯೂ2, ಯು2, ವಿ2. ಕೆಳಗಿನ ಮೂರನ್ನು ಸೇರಿಸಿದರೆ ಸ್ಟಾರ್. ಮೇಲಿನಿಂದ ಕೆಳಕ್ಕೆ ಯು1-ಡಬ್ಲ್ಯೂ2, ವಿ1-ಯು2, ಡಬ್ಲ್ಯೂ1-ವಿ2 ಸೇರಿಸಿದರೆ ಡೆಲ್ಟಾ. ಸ್ಟಾರ್ಟರಿನಿಂದ ಆರು ಕೇಬಲ್ ಬರುವಾಗ ಈ ಲಿಂಕ್ ಪಟ್ಟಿಗಳನ್ನು ತೆಗೆಯಲೇಬೇಕು. ಮರೆತರೆ ಸ್ವಿಚ್ ಹಾಕಿದ ಕೂಡಲೇ ಶಾರ್ಟ್. ಇನ್ನೊಂದು ತಪ್ಪು, ಡೆಲ್ಟಾದಲ್ಲಿ ಯು1 ಮತ್ತು ಯು2 ಎರಡೂ ಒಂದೇ ಫೇಸಿಗೆ ಬರುವುದು. ಆಗ ಆ ವೈಂಡಿಂಗಿಗೆ ವೋಲ್ಟೇಜೇ ಸಿಗದು. ಸ್ಟಾರ್‌ನಲ್ಲಿ ಚೆನ್ನಾಗಿ ತಿರುಗಿದ ಮೋಟಾರ್ ಡೆಲ್ಟಾಕ್ಕೆ ಬಂದಾಗ ಬಲ ಕಳೆದುಕೊಂಡರೆ ಮೊದಲು ಇದನ್ನೇ ನೋಡಿ. ಸ್ಟಾರ್ ಮತ್ತು ಡೆಲ್ಟಾ ಕಂಟ್ಯಾಕ್ಟರ್ ಎರಡೂ ಏಕಕಾಲಕ್ಕೆ ಸೇರಿದರೆ ಮೂರು ಫೇಸ್ ನೇರ ಶಾರ್ಟ್ ಆಗುತ್ತವೆ. ಅದಕ್ಕೇ ಒಂದರ ಎನ್‌ಸಿ (ಕಂಟ್ಯಾಕ್ಟರ್ ಎಳೆದಾಗ ಬಿಚ್ಚಿಕೊಳ್ಳುವ ಸಂಪರ್ಕ) ಇನ್ನೊಂದರ ಕಾಯಿಲ್ ದಾರಿಯಲ್ಲಿ ಇರುತ್ತದೆ. "ಸ್ಟಾರ್ಟ್ ಆಗ್ತಿಲ್ಲ" ಎಂದು ಈ ಎನ್‌ಸಿಯನ್ನು ಬೈಪಾಸ್ ಮಾಡುವುದು ಪ್ಯಾನೆಲ್ ಸುಡುವುದಕ್ಕೆ ಸುಲಭದ ದಾರಿ.

ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವುದು) ಸೆಟ್ಟಿಂಗಿನಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ರಿಲೇ ಒಳಬರುವ ಲೈನಿನಲ್ಲಿದ್ದರೆ 14 ಆಂಪಿಯರ್ ಸರಿ. ಆದರೆ ಹೆಚ್ಚಿನ ಸ್ಟಾರ್-ಡೆಲ್ಟಾ ಸ್ಟಾರ್ಟರುಗಳಲ್ಲಿ ಅದು ಮೇನ್ ಕಂಟ್ಯಾಕ್ಟರಿನ ಕೆಳಗೆ, ವೈಂಡಿಂಗಿನ ದಾರಿಯಲ್ಲಿ ಇರುತ್ತದೆ. ಅಲ್ಲಿ ಹರಿಯುವುದು ಲೈನ್ ಕರೆಂಟಿನ 0.58 ಪಾಲು ಮಾತ್ರ. 14ನ್ನು 0.58ರಿಂದ ಗುಣಿಸಿದರೆ 8.1. ಅಲ್ಲಿ 14 ಇಟ್ಟರೆ ಮೋಟಾರ್ ಸುಟ್ಟು ಹೊಗೆ ಬಂದರೂ ರಿಲೇ ಬೀಳುವುದಿಲ್ಲ (ಟ್ರಿಪ್ ಆಗುವುದಿಲ್ಲ).

ಕಂಟ್ರೋಲ್ ದಾರಿಯಲ್ಲಿ ಸಾಲಾಗಿ ಬರುವುದು ಫ್ಯೂಸ್, ರಿಲೇಯ 95-96 (ಟ್ರಿಪ್ ಆದರೆ ಬಿಚ್ಚಿಕೊಳ್ಳುವ ಸಂಪರ್ಕ), ಸ್ಟಾಪ್ ಬಟನ್, ಸ್ಟಾರ್ಟ್ ಬಟನ್, ಕಾಯಿಲಿನ ಎ1-ಎ2. ಸ್ಟಾರ್ಟ್ ಬಟನ್ನಿಗೆ ಪಕ್ಕದಲ್ಲಿ ಕಂಟ್ಯಾಕ್ಟರಿನ 13-14, ಅಂದರೆ ಬಟನ್ ಬಿಟ್ಟ ಮೇಲೂ ಕಾಯಿಲಿನ ಕರೆಂಟ್ ಹಿಡಿದಿಡುವ ಸಂಪರ್ಕ. ಬಟನ್ ಒತ್ತಿದಾಗ ಓಡಿ ಬಿಟ್ಟಾಗ ನಿಂತರೆ 13-14 ಹಿಡಿಯುತ್ತಿಲ್ಲ. ಒತ್ತಿದರೂ ಎಳೆಯದಿದ್ದರೆ ಎ1-ಎ2 ನಡುವೆ ವೋಲ್ಟೇಜ್ ಅಳೆಯಿರಿ: ಇದ್ದರೆ ಕಾಯಿಲ್ ಓಪನ್, ಇಲ್ಲದಿದ್ದರೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ. ಈ ಪರೀಕ್ಷೆ ಲೈವ್ ಪ್ಯಾನೆಲಿನ ಮೇಲೆ ನಡೆಯುವುದರಿಂದ ಸೀನಿಯರ್ ಪಕ್ಕದಲ್ಲಿ ನಿಂತಿರುವಾಗ ಮಾತ್ರ ಮಾಡಬೇಕು. ಕಂಟ್ಯಾಕ್ಟರ್ ಗರ್ ಎಂದು ಸದ್ದು ಮಾಡುತ್ತಿದ್ದರೆ ವೋಲ್ಟೇಜ್ ಕಡಿಮೆ, ಇಲ್ಲವೇ ಕೋರ್ ಮುಖದ ಮೇಲೆ ದೂಳು, ಇಲ್ಲವೇ ಶೇಡಿಂಗ್ ರಿಂಗ್ ಒಡೆದಿದೆ. ಬದಲಾಯಿಸುವಾಗ ಕಾಯಿಲ್ ಮೇಲಿನ ಬರಹ ಓದಿ. 230 ವೋಲ್ಟಿನ ಕಾಯಿಲಿಗೆ 415 ಕೊಟ್ಟರೆ ಕ್ಷಣದಲ್ಲಿ ಸುಡುತ್ತದೆ, 415ರ ಕಾಯಿಲಿಗೆ 230 ಕೊಟ್ಟರೆ ಎಳೆಯುವುದೇ ಇಲ್ಲ.

ಈ ನೆಲದಲ್ಲಿ ಪದೇ ಪದೇ ಕಾಣುವ ಫಾಲ್ಟ್‌ಗಳು

ಒಂದು ಫೇಸ್ ಹೋಗಿ ಮೋಟಾರ್ ಸುಡುವುದು ಮಿಲ್ಲುಗಳ ಹಳೆಯ ರೋಗ. ನಿಂತ ಮೋಟಾರ್ ಆದರೆ ಗುಂಯ್ ಎನ್ನುತ್ತದೆ, ತಿರುಗದು. ಓಡುತ್ತಿರುವ ಮೋಟಾರ್ ಆದರೆ ಓಡುತ್ತಲೇ ಇರುತ್ತದೆ, ಉಳಿದ ಎರಡು ಲೈನಿನಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತದೆ. ಕಾರಣ ಯಾವಾಗಲೂ ಹೊರಗಿನ ಲೈನೇ ಆಗಬೇಕಿಲ್ಲ. ಒಂದು ಎಚ್‌ಆರ್‌ಸಿ ಫ್ಯೂಸ್ ಹೋಗಿರಬಹುದು, ಕಂಟ್ಯಾಕ್ಟರಿನ ಒಂದು ಪೋಲ್ ಸುಟ್ಟಿರಬಹುದು, ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಸಡಿಲವಾಗಿರಬಹುದು. ಟಾಂಗ್ ಟೆಸ್ಟರಿನಲ್ಲಿ (ವೈರ್ ಬಿಚ್ಚದೆ ಕರೆಂಟ್ ಅಳೆಯುವ ಮೀಟರ್) ಮೂರೂ ಫೇಸಿನ ಕರೆಂಟ್ ಬರೆದುಕೊಳ್ಳುವ ಅಭ್ಯಾಸ ಇದ್ದರೆ ಮೋಟಾರ್ ಸುಡುವ ಮೊದಲೇ ಸುಳಿವು ಸಿಗುತ್ತದೆ.

ಸುಟ್ಟ ಲಗ್ ಕಂಡಲ್ಲಿ ಬಹುಪಾಲು ಕ್ರಿಂಪಿಂಗ್ (ಲಗ್ಗನ್ನು ಒತ್ತಿ ಬಿಗಿಸುವುದು) ತಪ್ಪಿರುತ್ತದೆ. ಕೇಬಲ್ ಸೈಜಿನ ಲಗ್, ಲಗ್ ಸೈಜಿನ ಡೈ. ಎಳೆ ಕತ್ತರಿಸಿ ಸಣ್ಣ ಲಗ್ಗಿನೊಳಗೆ ತುರುಕಬೇಡಿ. ಅಲ್ಯೂಮಿನಿಯಂ ಕೇಬಲ್ ತಾಮ್ರದ ಬಸ್‌ಬಾರಿಗೆ ಸೇರುವಲ್ಲಿ ಬೈಮೆಟಲ್ ಲಗ್ ಹಾಕಿ. ಬಿಗಿ ಮಾಡಿದ ಬೋಲ್ಟಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದರೆ ಮುಂದೆ ಸಡಿಲವಾದದ್ದು ಕಣ್ಣಿಗೇ ಕಾಣುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನ ಪ್ಯಾನೆಲ್ ಒಳಗೆ ಇನ್ನೂ ಹೆಚ್ಚು. ಆಗ ಎಂಸಿಬಿ, ಥರ್ಮಲ್ ರಿಲೇಗಳು ಬೇಗ ಬೀಳುತ್ತವೆ. ಸೆಟ್ಟಿಂಗ್ ಏರಿಸಿಬಿಡಿ ಎಂಬ ಒತ್ತಾಯ ಬರುತ್ತದೆ, ಒಪ್ಪಬೇಡಿ. ಪ್ಯಾನೆಲ್ ಫ್ಯಾನ್, ಫಿಲ್ಟರ್, ಸಡಿಲ ಜೋಡಣೆ ಮೊದಲು ನೋಡಿ. ಸ್ಪಾಂಜ್ ಐರನ್ ಘಟಕಗಳ ದೂಳಿನಲ್ಲಿ ಕಬ್ಬಿಣ ಇರುವುದರಿಂದ ಅದೇ ಕರೆಂಟಿಗೆ ದಾರಿಯಾಗುತ್ತದೆ. ಏರ್ ಪೈಪ್ ಹಿಡಿದು ಊದಿದರೆ ಅದು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ, ವ್ಯಾಕ್ಯೂಮ್‌ನಿಂದ ಎಳೆಯಬೇಕು, ಕೇಬಲ್ ಗ್ಲ್ಯಾಂಡಿನ ತೂತು ಮುಚ್ಚಬೇಕು. ರೈಸ್ ಮಿಲ್ಲಿನ ತೌಡು ಮೋಟಾರಿನ ಫಿನ್‌ಗಳ ನಡುವೆ ತುಂಬಿ ಗಾಳಿಯಾಡದಂತೆ ಮಾಡುತ್ತದೆ.

ಮಳೆಗಾಲದಲ್ಲಿ ನಿಂತಿದ್ದ ಮೋಟಾರನ್ನು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ನೋಡದೆ ಓಡಿಸಬಾರದು. 415 ವೋಲ್ಟ್ ಮೋಟಾರಿಗೆ 500 ವೋಲ್ಟ್ ಮೆಗ್ಗರ್, ಒಂದು ನಿಮಿಷ, ವೈಂಡಿಂಗ್ ಮತ್ತು ಬಾಡಿ ನಡುವೆ. ಲಿಂಕ್ ತೆಗೆದು ವೈಂಡಿಂಗ್‌ಗಳ ನಡುವೆಯೂ ನೋಡಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಒಣಗಿಸಿ ಮತ್ತೆ ನೋಡಬೇಕು. ವಿಎಫ್‌ಡಿಯ ಕೇಬಲ್ ಬಿಚ್ಚದೆ ಮೆಗ್ಗರ್ ಮಾಡಿದರೆ ಡ್ರೈವ್ ಹೋಗುತ್ತದೆ. ಮುಗಿದ ಮೇಲೆ ವೈಂಡಿಂಗನ್ನು ಅರ್ಥಿಗೆ ಡಿಸ್ಚಾರ್ಜ್ ಮಾಡಿ.

ಡೈರಿ, ಪರೀಕ್ಷೆ, ಮುಂದಿನ ದಾರಿ

ದಿನಕ್ಕೆ ಒಂದು ಪುಟ ಬರೆಯಿರಿ: ಯಾವ ಫೀಡರ್, ಏನು ದೂರು, ಎಲ್ಲಿ ಅಳೆದದ್ದು, ಎಷ್ಟು ಬಂತು, ಕಾರಣವೇನು. ಸ್ಟೋರಿನಿಂದ ಸಾಮಾನು ತರುವುದರಲ್ಲೇ ದಿನಗಳು ಹೋಗುತ್ತಿದ್ದರೆ ಮೂರನೇ ತಿಂಗಳಿಗೇ ಡೈರಿಯಿಂದ ಗೊತ್ತಾಗುತ್ತದೆ. ಆಗ ಆ ಡೈರಿ ಹಿಡಿದುಕೊಂಡು ಟ್ರೈನಿಂಗ್ ವಿಭಾಗಕ್ಕೆ ಹೋಗಿ ಬೇರೆ ಸೆಕ್ಷನ್ ಕೇಳಿ. ಕನ್ವೇಯರ್, ಪಂಪ್‌ಹೌಸ್, ಸಬ್‌ಸ್ಟೇಷನ್, ಕ್ರೇನ್ ಇವುಗಳಲ್ಲಿ ಕನಿಷ್ಠ ಮೂರರಲ್ಲಿ ಕೆಲಸ ಮಾಡಿರಬೇಕು.

ವರ್ಷದ ಕೊನೆಗೆ ಆಲ್ ಇಂಡಿಯಾ ಟ್ರೇಡ್ ಟೆಸ್ಟ್. ಪಾಸಾದರೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್, ಎನ್‌ಎಸಿ. ನಡುವೆ ಬಿಟ್ಟು ಹೋದರೆ ಅದು ಸಿಗುವುದಿಲ್ಲ, ಮತ್ತು ಒಮ್ಮೆ ಅಪ್ರೆಂಟಿಸ್‌ಶಿಪ್ ಮಾಡಿದವರನ್ನು ಹೆಚ್ಚಿನ ಅಧಿಸೂಚನೆಗಳು ಮತ್ತೆ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ನೂರಿನ್ನೂರು ರೂಪಾಯಿ ಹೆಚ್ಚೆಂದು ಮಧ್ಯದಲ್ಲಿ ಗುತ್ತಿಗೆ ಕೆಲಸಕ್ಕೆ ಹಾರಬೇಡಿ.

ಎನ್‌ಎಸಿ ಕೈಗೆ ಬಂದ ಮೇಲೆ ಮಾಡಬೇಕಾದ ಕೆಲಸ ಮೂರು. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್, ಅನುಭವ ಕೂಡಿದಂತೆ ಸೂಪರ್‌ವೈಸರ್ ಪರ್ಮಿಟ್ ಪಡೆಯಲು ಅರ್ಜಿ ಹಾಕಿ. ಓದು ಮುಂದುವರಿಸುವವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಮೂರನೆಯದು ಸಂವಿಧಾನದ 371(ಜೆ) ವಿಧಿಯಡಿಯ ಪ್ರಮಾಣಪತ್ರ. ಸಹಾಯಕ ಆಯುಕ್ತರ ಕಚೇರಿಯಿಂದ ಅದನ್ನು ಮಾಡಿಸಿಟ್ಟುಕೊಳ್ಳಿ: ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ 80ರಷ್ಟು ಇಲ್ಲಿಯವರಿಗೇ ಮೀಸಲು, ಜೆಸ್ಕಾಂ, ಕೆಪಿಟಿಸಿಎಲ್, ಕೆಪಿಸಿಎಲ್ (ರಾಜ್ಯದ ವಿದ್ಯುತ್ ಕಂಪನಿಗಳು) ಅಧಿಸೂಚನೆ ಬಂದಾಗ ಕೊನೆಯ ದಿನಾಂಕದೊಳಗೆ ಈ ಕಾಗದ ಕೈಯಲ್ಲಿರಬೇಕು. ಅಧಿಸೂಚನೆ ಬಂದ ಮೇಲೆ ಅರ್ಜಿ ಹಾಕಿದರೆ ಕಚೇರಿಯ ಸಾಲಿನಲ್ಲೇ ಆ ದಿನಾಂಕ ದಾಟಿಹೋಗುತ್ತದೆ.